ಲೇತಿಗೆ ಸಿಕ್ಕ ಮಫ್ಲರ್

ವರ್ಕ್‌ಶಾಪಿನ ಕಿಟಕಿ ಪಕ್ಕದ ಮೇಜಿನಿಂದ,
ಭಾನುವಾರ, ಬೆಳಗಿನ ತಿಂಡಿಯಾದ ಮೇಲೆ

ಪ್ರೀತಿಯ ಇವರೇ,

ಹೇಗಿದ್ದೀರಿ? ಸೊಂಟದ ನೋವು ಈಗ ಹೇಗಿದೆ? ಆ ಶೆಡ್ಡಿನಲ್ಲಿ ಮಲಗಿದರೆ ಚಳಿ ನೆಲದಿಂದಲೇ ಮೇಲೇರುತ್ತದೆ ಎಂದಿದ್ದಿರಲ್ಲ, ಹಾಸಿಗೆಯ ಕೆಳಗೆ ಹಲಗೆ ಹಾಕಿಸಿಕೊಂಡಿರಾ, ಇಲ್ಲ ‘ನಾಳೆ ನೋಡೋಣ’ ಎಂದು ಮುಂದೂಡುತ್ತಲೇ ಇದ್ದೀರಾ? ಸೇತುವೆ ಕಟ್ಟುವವರಿಗೆಲ್ಲ ಬೋಲ್ಟು, ಪಿನ್ನು ಮಾಡಿಕೊಟ್ಟು ಕೊನೆಗೆ ನೀವೇ ನಟ್ಟು ಸಡಿಲಾಗಿ ಮನೆಗೆ ಬರಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಡುಗೆಯವನು ಉಪ್ಪು ಜಾಸ್ತಿ ಹಾಕುತ್ತಾನೆ ಎಂದು ದೂರಿದ್ದಿರಿ. ಇಲ್ಲಿದ್ದಾಗ ನನ್ನ ಅಡುಗೆಗೆ ಉಪ್ಪು ಕಮ್ಮಿ ಎನ್ನುತ್ತಿದ್ದಿರಿ, ಈಗ ಎರಡನ್ನೂ ಸೇರಿಸಿ ಸರಿದೂಗಿಸಿಕೊಳ್ಳಿ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅತ್ತೆ ಆರಾಮಾಗಿದ್ದಾರೆ. ಮಾವನವರೂ ಈಗ ಚೆನ್ನಾಗಿದ್ದಾರೆ. ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿಕೊಂಡು ಆಮೇಲೆ ಮುಂದಕ್ಕೆ ಹೋಗಿ. ಮುಂದೆ ಓದುವಾಗ ನಿಮ್ಮ ಎದೆ ಡವಗುಟ್ಟುವುದು ನನಗೆ ಗೊತ್ತು. ಮಾವನವರು ಚೆನ್ನಾಗಿದ್ದಾರೆ, ಈಗಷ್ಟೇ ಎರಡನೇ ಲೋಟ ಕಾಫಿ ಕೇಳಿ ಅತ್ತೆಯಿಂದ ಬೈಸಿಕೊಂಡರು.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀವು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಮಾತಾಡುವಾಗ ಅರ್ಧ ಮಾತು ಗಾಳಿಗೆ ಹೋಗುತ್ತದೆ, ಉಳಿದರ್ಧ ಕೇಳಿ ಗಾಬರಿಯಾಗುತ್ತೀರಿ. ಅಲ್ಲದೆ ನಾನು ಫೋನ್ ಹಿಡಿದರೆ ಮಾವನವರು ಪಕ್ಕದಲ್ಲೇ ಬಂದು ಕೂರುತ್ತಾರೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬರಿ, ಬರಿ. ನೀನೇ ಹೇಳಿದ್ರೆ ಆಗಿದ್ದಷ್ಟೇ ಹೇಳ್ತೀಯ. ಆ ರೇಡಿಯೊ ಬಾಯಿಗೆ ಬಿದ್ರೆ ನನ್ನ ತಲೇನೇ ಹಾರಿಹೋಗಿರುತ್ತೆ” ಎಂದರು. ನೀವೇ ಹೆಸರಿಟ್ಟ ರೇಡಿಯೊ ಗೊತ್ತಲ್ಲ, ಡ್ರಿಲ್ಲಿಂಗ್ ಮಷೀನಿನ ಮುಂದೆ ನಿಂತು ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚದ ಮಹಾನುಭಾವ. ಅವನೊಬ್ಬನೇ ಈಗಲೂ ಹಾಗೇ ಇದ್ದಾನೆ.

ನೀವು ಹೊರಟ ಮೇಲೆ ವರ್ಕ್‌ಶಾಪಿನ ಬೀಗದ ಕೈ ನನ್ನ ಸೊಂಟಕ್ಕೆ ಬಂತಷ್ಟೆ. ಲೇತಿನ ಕೆಲಸ ನೀವೂ ಮಾವನವರೂ ಸೇರಿ ಕಲಿಸಿದ್ದು, ಅದರ ಬಗ್ಗೆ ನನಗೆ ಅಳುಕಿರಲಿಲ್ಲ. ಆದರೆ ಜವಾಬ್ದಾರಿ ತಲೆಗೆ ಬಂದ ದಿನದಿಂದ ಅದೇ ಜಾಗ ಬೇರೆ ಥರ ಕಾಣತೊಡಗಿತು. ನೆಲದ ಮೇಲಿನ ಎಣ್ಣೆ ಮೊದಲು ಬರೀ ಎಣ್ಣೆಯಾಗಿತ್ತು, ಈಗ ಯಾರದೋ ಕಾಲು ಜಾರುವ ಜಾಗವಾಗಿ ಕಂಡಿತು. ಕೆಲಸ ಮುಗಿಸಿ, ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗುವ ಆ ಚಕ್ಕಿನಲ್ಲೇ ಬಿಟ್ಟುಹೋದ ಚಾವಿ, ಮಷೀನ್ ಶುರುಮಾಡಿದೊಡನೆ ಗುಂಡಿನ ಹಾಗೆ ಹಾರುವ ವಸ್ತುವಾಗಿ ಕಂಡಿತು. ಹಾಗಾಗಿ ಮೊದಲು ನನ್ನನ್ನೇ ತಿದ್ದಿಕೊಂಡೆ. ನೀವು ಮೆಚ್ಚುವ ಈ ಜಡೆಯನ್ನು ಗುಂಡಗೆ ಸುತ್ತಿ ಟೋಪಿಯೊಳಗೆ ತುರುಕಿದೆ. ನಿಮ್ಮ ಹಳೆಯ ಅರ್ಧ ತೋಳಿನ ಅಂಗಿಗಳನ್ನು ನನ್ನವೆಂದು ಘೋಷಿಸಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಥೇಟ್ ನಿಮ್ಮ ತಮ್ಮನ ಹಾಗೆ ಕಾಣುತ್ತೇನೆ. ಇರಲಿ, ತಮ್ಮನಿಗೆ ತಲೆಯ ಮೇಲೆ ಕೂದಲಾದರೂ ಉಳಿದಿದೆ.

ಆಮೇಲೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಲೇತಿಗೆ ಅಂಗೈ ಅಗಲದ ಕೆಂಪು ಬಟನ್ ಹಾಕಿಸಿದೆ. ಒತ್ತಿದರೆ ಮೋಟಾರು ನಿಲ್ಲುವುದಷ್ಟೇ ಅಲ್ಲ, ಬ್ರೇಕೂ ಹಿಡಿಯುತ್ತದೆ. ನಮ್ಮ ಹಳೆಯ ಲೇತು ಕರೆಂಟು ಹೋದ ಮೇಲೂ ಎಷ್ಟು ಹೊತ್ತು ತಿರುಗುತ್ತಲೇ ಇರುತ್ತಿತ್ತು, ನೀವೇ ನೋಡಿದ್ದೀರಿ. ಮಾವನವರು ಬಟನ್ನನ್ನು ಮೇಲೆ ಕೆಳಗೆ ನೋಡಿ, “ಇದೇನಮ್ಮಾ, ಬಸ್ಸಿಗೆ ಬೆಲ್ ಇಟ್ಟ ಹಾಗಿದೆ. ಇಳಿಯೋರು ಯಾರು?” ಎಂದು ನಕ್ಕರು. ಅವರ ಜತೆ ಜಗಳ ಶುರುವಾದದ್ದು ಕೈಗವಸಿನಿಂದ. ಚಳಿಗೆ ಕೈ ಮರಗಟ್ಟುತ್ತದೆಂದು ಕೈಗವಸು ಹಾಕಿಕೊಂಡೇ ಲೇತಿನ ಮುಂದೆ ನಿಲ್ಲುತ್ತಿದ್ದರು. ತಿರುಗುವ ಮಷೀನಿನ ಹತ್ತಿರ ಕೈಗವಸು ಕೈ ಕಾಯುವುದಿಲ್ಲ ಮಾವ, ಒಂದು ಎಳೆ ಸಿಕ್ಕಿದರೆ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ ಎಂದೆ. ಗೊಣಗುತ್ತಲೇ ತೆಗೆದರು. ಆದರೆ ಮಫ್ಲರಿನ ವಿಷಯಕ್ಕೆ ಬಂದಾಗ ಮಾತ್ರ ಜಗ್ಗಲಿಲ್ಲ. “ಇದು ನಿಮ್ಮತ್ತೆ ಹೆಣೆದು ಕೊಟ್ಟಿದ್ದು. ಇದಕ್ಕೂ ನಿನ್ನ ಕಾನೂನಾ?” ಎಂದರು. ನಾನು ಎದುರಿಗಿದ್ದಾಗ ಅದರ ತುದಿಯನ್ನು ಅಂಗಿಯೊಳಗೆ ತುರುಕುತ್ತಿದ್ದರು, ನಾನು ಆಚೆ ತಿರುಗಿದ ಕೂಡಲೇ ಅದು ಹೊರಗೆ. ಒಂದು ಸಲ ಮನೆಯಲ್ಲೇ ಬಚ್ಚಿಟ್ಟೆ. ಅಡುಗೆಮನೆಯ ಡಬ್ಬಗಳ ಹಿಂದಿನಿಂದ ಹುಡುಕಿ ತೆಗೆದು, ಗೆದ್ದವರ ಹಾಗೆ ಕತ್ತಿಗೆ ಸುತ್ತಿಕೊಂಡು ಬಂದರು.

ಹೋದ ತಿಂಗಳು ಪಂಪ್ ಕಂಪನಿಯವರ ಶಾಫ್ಟುಗಳ ಕೆಲಸ ಮುಗಿಯುವ ಹಂತದಲ್ಲಿತ್ತು. ಅವತ್ತು ಬೆಳಿಗ್ಗೆ ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ನಾನು ಬೆಂಚಿನ ಮೇಲೆ ಗುರುತು ಹಾಕುತ್ತಿದ್ದೆ. ರೇಡಿಯೊ ತನ್ನ ಷಡ್ಡಕನ ಮದುವೆಯ ಕಥೆ ಹೇಳುತ್ತಿದ್ದ. ಮಾವನವರು ಲೇತಿನ ಮೇಲೆ ಕೊನೆಯ ಶಾಫ್ಟಿಗೆ ಹೊಳಪು ಕೊಡುತ್ತಿದ್ದರು. ಕಣ್ಣು ಸ್ವಲ್ಪ ಮಂಜು, ಒಪ್ಪಿಕೊಳ್ಳುವುದಿಲ್ಲ. ಹೊಳಪು ಎಷ್ಟು ಬಂದಿದೆಯೆಂದು ನೋಡಲು ಬಗ್ಗಿದರು. ಮೋಟಾರಿನ ಸದ್ದು ಒಮ್ಮೆಲೇ ಭಾರವಾಯಿತು. ತಲೆಯೆತ್ತಿ ನೋಡಿದರೆ ಮಾವನವರ ಮುಖ ಚಕ್ಕಿನ ಕಡೆಗೆ ಇಳಿಯುತ್ತಿದೆ. ಒಂದು ಕೈ ಲೇತಿನ ಮೈಯನ್ನು ಒತ್ತಿ ಹಿಡಿದಿದೆ, ಇನ್ನೊಂದು ಕತ್ತಿನ ಹತ್ತಿರ. ಬಾಯಿ ತೆರೆದಿದೆ, ಸದ್ದಿಲ್ಲ. ರೇಡಿಯೊನ ಬಾಯಿಯೂ ತೆರೆದೇ ಇತ್ತು, ಅವನ ಜೀವನದಲ್ಲಿ ಮೊದಲ ಸಲ ಅದರಿಂದ ಮಾತು ಹೊರಡಲಿಲ್ಲ. ನಾನು ಹೇಗೆ ಹಾರಿದೆನೋ ನನಗೇ ಗೊತ್ತಿಲ್ಲ. ಅಂಗೈಯಿಂದ ಬಟನ್ನಿಗೆ ಬಾರಿಸಿದ್ದಷ್ಟೇ ನೆನಪು. ಬ್ರೇಕು ಕಿರುಚಿತು, ಚಕ್ಕು ಗಕ್ಕನೆ ನಿಂತಿತು. ಮಾವನವರ ಮೂಗಿಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

“ಮೇನ್ ಸ್ವಿಚ್ ಇಳಿಸೋ!” ಎಂದು ರೇಡಿಯೊಗೆ ಕೂಗಿದೆ. ಅವನು ಓಡಿದ. ಕರೆಂಟು ಹೋದದ್ದು ಖಚಿತವಾದ ಮೇಲೆ ತಗಡು ಕತ್ತರಿಸುವ ಕತ್ತರಿ ತಂದು ಮಫ್ಲರನ್ನು ಕತ್ತಿನ ಹತ್ತಿರವೇ ಕತ್ತರಿಸಿದೆ. ಮಾವನವರು ನೆಲದ ಮೇಲೆ ಕುಸಿದು ಕೂತು ಕೆಮ್ಮಿದರು, ಕೆಮ್ಮಿದರು. ಕೊನೆಗೆ ಉಸಿರು ಸಿಕ್ಕಿದಾಗ, ಒಡೆದ ದನಿಯಲ್ಲಿ ಅವರು ಆಡಿದ ಮೊದಲ ಮಾತು ಏನು ಗೊತ್ತೇ? “ಶಾಫ್ಟಿಗೆ ಗೀರು ಬಿತ್ತಾ ನೋಡು.” ನಾನು ಅಲ್ಲೇ ಕೂತು ನಕ್ಕೆನೋ ಅತ್ತೆನೋ, ಎರಡೂ ಒಟ್ಟಿಗೇ ಬಂತು.

ಡಾಕ್ಟರು ನೋಡಿದರು. ಎಲುಬಿಗೆ, ಉಸಿರ ನಾಳಕ್ಕೆ ಏನೂ ಆಗಿಲ್ಲ, ಕತ್ತಿನ ಸುತ್ತ ಕೆಂಪು ಬರೆ ಬಿದ್ದಿದೆ, ಕೆಲವು ದಿನ ಮಾತು ಕಡಿಮೆ ಮಾಡಿ ಎಂದರು. ಬರೆ ಮಾಸುತ್ತಾ ಬಂದು ಸಣ್ಣ ಗುರುತಷ್ಟೇ ಉಳಿಯಿತು. ಮಾತು ಮಾತ್ರ ವಾಪಸ್ ಬರಲಿಲ್ಲ. ಮಾವನವರು ಅಂಗಳದ ಬೆಂಚಿನ ಮೇಲೆ ವರ್ಕ್‌ಶಾಪಿಗೆ ಬೆನ್ನು ಹಾಕಿ ಕೂರತೊಡಗಿದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಎರಡು ತುತ್ತು ತಿಂದು ಏಳುತ್ತಿದ್ದರು. ಅತ್ತೆಯದು ಇನ್ನೊಂದು ಸಂಕಟ. ಉಳಿದಿದ್ದ ಮಫ್ಲರಿನ ತುಂಡನ್ನು ಮಡಿಲಲ್ಲಿಟ್ಟುಕೊಂಡು, “ಬೆಚ್ಚಗಿರ್ಲಿ ಅಂತ ಹೆಣೆದೆ ಕಣೇ, ನಾನೇ ಕತ್ತಿಗೆ ಉರುಳು ಹಾಕಿದ ಹಾಗಾಯ್ತಲ್ಲ” ಎಂದು ಕಣ್ಣೊರೆಸಿಕೊಂಡರು. ಅತ್ತೆ, ತಪ್ಪು ಉಣ್ಣೆಯದಲ್ಲ, ಮನೆಯಲ್ಲಿ ಅದು ಮಫ್ಲರ್, ಲೇತಿನ ಮುಂದೆ ಮಾತ್ರ ಹಗ್ಗ ಎಂದು ಸಮಾಧಾನ ಮಾಡಿದೆ. ಒಂದು ಸಂಜೆ ಮಾವನವರು ನನ್ನನ್ನು ಕರೆದು ನೆಲ ನೋಡುತ್ತಾ ಹೇಳಿದರು: “ಆ ಲೇತು ಮಾರಿಬಿಡಮ್ಮ. ನನ್ನ ಕಾಲ ಮುಗೀತು. ನಿಂಗೂ ಅದರ ಸಹವಾಸ ಬೇಡ.”

ನಿಜ ಹೇಳಲಾ? ಭಯಕ್ಕಿಂತ ಹೆಚ್ಚು ಸಿಟ್ಟು ಬಂತು. ಅಷ್ಟು ವರ್ಷ ಮನೆಗೆ ಅನ್ನ ಹಾಕಿದ ಮಷೀನು ಒಂದೇ ಬೆಳಗಿನಲ್ಲಿ ಪಿಶಾಚಿಯಾಗಿಬಿಟ್ಟಿತೇ? ನಾನು ಮಾರುವುದಿಲ್ಲ ಎಂದೆ. ಹಾಗೆ ಹೇಳಿದ್ದೇನೋ ಸರಿ, ಮಾರನೆಯ ದಿನ ಲೇತಿನ ಮುಂದೆ ನಿಂತಾಗ ಸ್ವಿಚ್ಚಿನ ಹತ್ತಿರ ಹೋದ ಕೈ ಹೋದ ಹಾಗೇ ಹಿಂದೆ ಬಂತು. ಆಗ ಆ ಕೈಗೆ ಬೇರೆ ಕೆಲಸ ಕೊಟ್ಟೆ. ಕರೆಂಟು ತೆಗೆದು ಮಷೀನನ್ನು ಮೇಲಿಂದ ಕೆಳಗೆ ಒರೆಸಿದೆ, ಕಬ್ಬಿಣದ ಸುರುಳಿಗಳನ್ನು ಕೊಕ್ಕೆಯಿಂದ ಎಳೆದು ತೆಗೆದೆ, ಚಕ್ಕಿನ ಒಳಗಿದ್ದ ಉಣ್ಣೆಯ ಎಳೆಗಳನ್ನು ಒಂದೊಂದಾಗಿ ಬಿಡಿಸಿದೆ, ಬ್ರೇಕು ಮತ್ತೆ ಮತ್ತೆ ಪರೀಕ್ಷಿಸಿದೆ. ಎಲ್ಲ ಆದ ಮೇಲೆ ಕೈ ತಾನಾಗಿಯೇ ಹೋಗಿ ಸ್ವಿಚ್ಚು ಹಾಕಿತು. ಈಗ ಯಾರಾದರೂ ಕೇಳಿದರೆ ಭಯವಿಲ್ಲ ಎಂದು ಹೇಳುವುದಿಲ್ಲ. ಭಯ ಇದೆ, ನನ್ನ ಪಕ್ಕದಲ್ಲಿ ನಿಂತು ಒಳ್ಳೆಯ ಕೆಲಸಗಾರನ ಹಾಗೆ ಕೆಲಸ ಮಾಡುತ್ತದೆ.

ಚಕ್ಕಿಗೆ ಒಂದು ಮುಚ್ಚಳ ಬೇಕೆಂದು ತಗಡು ಬಗ್ಗಿಸಿ ನಾನೇ ಒಂದು ಮಾಡಿದೆ. ಅದು ಎಷ್ಟು ಚೆನ್ನಾಗಿ ಮುಚ್ಚಿತೆಂದರೆ ಒಳಗಿನ ಕೆಲಸವೂ ಕಾಣುತ್ತಿರಲಿಲ್ಲ. “ಅಕ್ಕಾ, ಇದು ಮಷೀನಿಗೆ ಸೇಫು, ಶಾಫ್ಟಿಗಲ್ಲ” ಎಂದ ರೇಡಿಯೊ. ಕತ್ತು ಓರೆ ಮಾಡಿಕೊಂಡು ಹಾಗೂ ಹೀಗೂ ಕೆಲಸ ಮಾಡುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಮಾವನವರು. ಅಂಗಳದಲ್ಲಿ ಬೆನ್ನು ಹಾಕಿ ಕೂತವರಿಗೆ ಕಿವಿ ಮಾತ್ರ ಈ ಕಡೆಯೇ ಇತ್ತು. “ಟೂಲ್ ಮೊಂಡಾಗಿದೆ ಕಣಮ್ಮ, ಅಳ್ತಾ ಇದೆ ಅದು, ಕೇಳಿಸ್ತಿಲ್ವಾ?” ಎನ್ನುತ್ತಾ ಒಳಗೆ ಕಾಲಿಟ್ಟರು. ಅವರು ಮಾತಾಡಿದ್ದಕ್ಕೆ ನನಗೆ ಕುಣಿದಾಡುವಷ್ಟು ಖುಷಿ. ಆದರೆ ಅವರ ಅಂಗಿಯ ತೋಳುಗಳು ಗುಂಡಿ ಬಿಚ್ಚಿಕೊಂಡು ಜೋಲಾಡುತ್ತಿದ್ದವು. ಒಂದು ಕ್ಷಣ ಯೋಚಿಸಿದೆ, ಬಂದವರು ಹೊರಟುಹೋದರೆ? ಆಮೇಲೆ ಮಷೀನ್ ನಿಲ್ಲಿಸಿದೆ. “ಮಾವ, ತೋಳು” ಎಂದೆ. ಅಷ್ಟೇ. ರೇಡಿಯೊ ಡ್ರಿಲ್ಲಿಂಗ್ ಮಷೀನ್ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ. ಮಾವನವರು ನನ್ನ ಮುಖ ನೋಡಿದರು, ಲೇತನ್ನು ನೋಡಿದರು. ನಿಧಾನಕ್ಕೆ ಎಡತೋಳು ಮೊಣಕೈಯ ಮೇಲಕ್ಕೆ ಮಡಚಿದರು, ಆಮೇಲೆ ಬಲತೋಳು. ಎರಡೂ ಕೈ ಮುಂದೆ ಚಾಚಿ, “ಸಾಕಾ, ಮೇಸ್ತ್ರೀ?” ಎಂದರು. ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ನನಗೆ ಸಿಕ್ಕಿದ ದೊಡ್ಡ ಬಿರುದು ಅದು. ಸಾಕು ಮಾವ, ಕನ್ನಡಕ ಒಂದು ಹಾಕಿಕೊಳ್ಳಿ ಎಂದೆ. ಅದನ್ನೂ ಹಾಕಿಕೊಂಡರು.

ನನ್ನ ತಗಡಿನ ಮುಚ್ಚಳವನ್ನು ಬೆರಳಲ್ಲಿ ಬಡಿದು ನೋಡಿ, “ಇದರಲ್ಲಿ ಕೋಳಿ ಸಾಕಬಹುದು” ಎಂದು ಬದಿಗಿಟ್ಟರು. ಆಮೇಲೆ ಅವರೇ ಒಳಗಿನ ಕೆಲಸ ಕಾಣುವಂಥ ದಪ್ಪ ಪ್ಲಾಸ್ಟಿಕ್ ಹಾಳೆ ತರಿಸಿ, ಕೀಲು ಕೂಡಿಸಿ, ಎತ್ತಿ ಇಳಿಸುವಂಥ ಮುಚ್ಚಳ ಮಾಡಿದರು. ಎಲೆಕ್ಟ್ರಿಷಿಯನ್ನನ ತಲೆ ತಿಂದು, ಮುಚ್ಚಳ ತೆರೆದಿದ್ದರೆ ಮಷೀನ್ ಶುರುವಾಗದ ಹಾಗೆ ಸ್ವಿಚ್ಚನ್ನೂ ಕೂಡಿಸಿದರು. ಈಗ ವರ್ಕ್‌ಶಾಪಿನಲ್ಲಿ ನನಗಿಂತ ಅವರೇ ಬಿಗಿ. ಮೊನ್ನೆ ಪಂಪ್ ಕಂಪನಿಯ ಸಾಹೇಬರು ಬಂದು, ಟೈ ಜೋಲಾಡಿಸಿಕೊಂಡು ಲೇತಿನ ಕಡೆ ಬಗ್ಗಿದರು. ಮಾವನವರು ಅಡ್ಡ ನಿಂತರು. “ಟೈ ಬಿಚ್ಚಿ ಒಳಗೆ ಬನ್ನಿ ಸಾರ್, ಇಲ್ಲಾಂದ್ರೆ ಹೊರಗೆ ಕುರ್ಚಿ ಹಾಕಿಸ್ತೀನಿ.” ಅವರು ನಗುತ್ತಾ ಟೈ ಅಂಗಿಯೊಳಗೆ ತುರುಕಿಕೊಳ್ಳಲು ಹೋದರೆ, “ಆ ಆಟ ನಾನೂ ಆಡಿ ನೋಡಿದೀನಿ” ಎಂದು ಅಂಗಿಯ ಕಾಲರು ಸರಿಸಿ ಕತ್ತು ತೋರಿಸಿದರು. ಸಾಹೇಬರು ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಶಾಫ್ಟುಗಳು ಪಾಸಾದವು, ಅಂದ ಹಾಗೆ. ಅವತ್ತಿನ ಶಾಫ್ಟಿಗೂ ಗೀರು ಬಿದ್ದಿರಲಿಲ್ಲ.

ಇಲ್ಲಿಯ ಚಿಂತೆ ಬಿಟ್ಟುಬಿಡಿ. ವರ್ಕ್‌ಶಾಪು ಗಟ್ಟಿ ಕೈಯಲ್ಲಿದೆ. ಅಪ್ಪನಿಗೆ ಫೋನ್ ಮಾಡಿದಾಗ ಅಯ್ಯೋ ಪಾಪ ಎನ್ನಬೇಡಿ, ಮುಚ್ಚಳದ ಬಗ್ಗೆ ಕೇಳಿ. ಅರ್ಧ ಗಂಟೆ ಮಾತಾಡುತ್ತಾರೆ, ನೀವು ಹ್ಞೂಂ ಎಂದರೆ ಸಾಕು. ಅತ್ತೆ ನಿಮಗೊಂದು ಸ್ವೆಟರ್ ಹೆಣೆದು ಕಳಿಸಿದ್ದಾರೆ, ತೋಳು ಬಿಗಿಯಾಗಿರಲಿ ಎಂದು ನನ್ನ ಕೈ ಅಳತೆ ಇಟ್ಟು ಹೆಣೆದರು. ಅದನ್ನು ಮಲಗುವಾಗ ಹಾಕಿಕೊಳ್ಳಿ, ಕೆಲಸಕ್ಕಲ್ಲ. ಹಿರಿಯರಿಬ್ಬರೂ ನಿಮಗೆ ಆಶೀರ್ವಾದ ಹೇಳಿದ್ದಾರೆ. ರೇಡಿಯೊ ನಮಸ್ಕಾರದ ಜತೆ ಇನ್ನೂ ಏನೇನೋ ಹೇಳಿದ, ಕಾಗದ ಸಾಲದು. ನನ್ನದು ಏನಿದೆಯೋ ನಿಮಗೆ ಗೊತ್ತೇ ಇದೆ.

ನಿಮ್ಮ
ಇವಳು

ತಾ. ಕ.: ಲಕೋಟೆ ಅಂಟಿಸುವ ಹೊತ್ತಿಗೆ ಸರಿಯಾಗಿ ಫೋನಿಗೆ ನಿಮ್ಮ ಫೋಟೊ ಬಂತು. ಅಲ್ಲಿಯ ಹೊಸ ಲೇತಿನ ಮುಂದೆ ನಿಂತು ನಗುತ್ತಿದ್ದೀರಿ, ಚೆನ್ನಾಗಿ ಕಾಣುತ್ತೀರಿ. ಚಕ್ಕಿನ ಮೇಲಿಟ್ಟ ಆ ಕೈಯನ್ನು ದೊಡ್ಡದು ಮಾಡಿ ನೋಡಿದೆ. ನಾನು ತೊಡಿಸಿದ ಉಂಗುರ ಇನ್ನೂ ಬೆರಳಲ್ಲೇ ಇದೆ. ವಾಪಸ್ ಫೋನ್ ಮಾಡಿದರೆ ನೀವು ಆಗಲೇ ಗುಡ್ಡ ಇಳಿದಾಗಿದೆ. ದಯವಿಟ್ಟು ಅದನ್ನು ಇವತ್ತೇ ಬಿಚ್ಚಿಡಿ. ಬಿಚ್ಚಿದರೆ ನನಗೆ ಬೇಜಾರಾಗುತ್ತದೆಂದು ಹಾಕಿಕೊಂಡಿದ್ದೀರಿ, ನನಗೆ ಗೊತ್ತು. ನನಗೆ ಬೇಕಾದದ್ದು ಆ ಬೆರಳು. ಸೋಪು ಹಚ್ಚಿ ಮೆಲ್ಲಗೆ ತಿರುಗಿಸಿ ತೆಗೆಯಿರಿ. ದಾರಕ್ಕೆ ಪೋಣಿಸಿ ಕತ್ತಿಗೆ ಕಟ್ಟಿಕೊಳ್ಳುವ ಜಾಣತನವೂ ಬೇಡ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ನಿಮ್ಮ ಸೈಟಿಗೆ ಬರುವ ಲಾರಿಯವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮುಂದಿನ ಸಲ ಗುಡ್ಡ ಹತ್ತಿದಾಗ ಬರಿಗೈಯದೊಂದು ಫೋಟೊ ಕಳಿಸಿ.