ಒಂದು ಒಳಲೆ ಒಳ್ಳೆಣ್ಣೆ

ಗುರುಪುರ,
ಬುಧವಾರ, ೧೭-೨-೧೯೫೪

ಚಿ. ಸರ್ವಮಂಗಳಳಿಗೆ ಸೋದರಮಾವನ ತುಂಬು ಹರಕೆ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ನನ್ನ ಎಡಗಡೆಯ ಕೆಳದವಡೆಯೊಂದನ್ನು ಬಿಟ್ಟು. ಅದೂ ಈಗ ಹಾದಿಗೆ ಬರುತ್ತಿದೆ. ನಿನ್ನ ಅವ್ವ ವೀರಮ್ಮ ಹೋದ ತಿಂಗಳಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಅವಳು ಕುಟ್ಟಿದ ಚಟ್ನಿಪುಡಿಯನ್ನು ಮೈಸೂರು ಬಸ್ಸಿನ ಕಂಡಕ್ಟರ್ ಮಾದೇವನ ಕೈಲಿ ನಿನ್ನ ಹಾಸ್ಟೆಲಿಗೆ ಕಳಿಸಿದ್ದೇನೆ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಏಪ್ರಿಲಿನಲ್ಲಿ ಟ್ರೈನಿಂಗ್ ಪರೀಕ್ಷೆ, ಅದೊಂದು ಮುಗಿದರೆ ಮೇಷ್ಟರಮ್ಮ ಆಗುತ್ತೇನೆ, ಬಿಳಿಕೆರೆಯ ಗಂಡಿನವರು ಈಗಲೇ ಓದು ಬಿಡಿಸುತ್ತಾರಂತೆ, ಅಪ್ಪ ಇಲ್ಲದ ನನಗೆ ನೀವೇ ಯಜಮಾನರು, ದಯವಿಟ್ಟು ನೀವು ಸುಮ್ಮನಿದ್ದರೆ ಸಾಕು ಮಾವ ಎಂದು ಬರೆದಿದ್ದೆ. ಓದಿ ನಗು ಬಂತು. ಹುಣಸೂರು ತಾಲ್ಲೂಕಿನಲ್ಲಿ ಷಣ್ಮುಖಪ್ಪ ಸುಮ್ಮನಿದ್ದುದನ್ನು ನೋಡಿದವರುಂಟೆ? ನಾಲ್ಕನೇ ಕ್ಲಾಸಿನಲ್ಲಿ ಇನ್ಸ್‌ಪೆಕ್ಟರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿದವನು ನಾನು. ಉತ್ತರ ತಪ್ಪಾಗಿತ್ತು, ಅದು ಬೇರೆ ವಿಷಯ.

ಆದರೆ ನಗು ಬೇಗ ನಿಂತಿತು. ನಿನ್ನ ಕಾಗದ ಬರುವ ಮೂರು ದಿನ ಮೊದಲೇ ನಾನು ಬಿಳಿಕೆರೆಯ ಕಾಫಿ ಹೋಟೆಲಿನಲ್ಲಿ ಇಪ್ಪತ್ತು ಜನರ ಮುಂದೆ ಗಂಡಿನ ಅಪ್ಪ ಚಿಕ್ಕಬಸಪ್ಪನವರಿಗೆ ಕೊಚ್ಚಿಕೊಂಡು ಬಂದಿದ್ದೆ. "ನಮ್ ಉಡುಗಿ ನಾನಾಕಿದ ಗೆರೆ ದಾಟಾಕಿಲ್ಲ ಕಣ್ರೀ. ವೀಳ್ಯ ತಕಂಡು ಬನ್ನಿ, ನಿಮ್ಮೆದುರ್ಗೇ ಜಗಿದು ಕಳಿಸ್ತೀನಿ" ಎಂದಿದ್ದೆ. ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತು. ಗಂಡಿನವರು ತಂದ ವೀಳ್ಯವನ್ನು ಹೆಣ್ಣಿನ ಕಡೆಯ ಯಜಮಾನ ಬಾಯಿಗೆ ಹಾಕಿಕೊಂಡು ಜಗಿದರೆ ಮುಗಿಯಿತು, ಆಮೇಲೆ ಯಾರು ಅತ್ತರೂ ಕರೆದರೂ ಹಿಂದಕ್ಕಿಲ್ಲ. ಅಷ್ಟು ಜನರ ಮುಂದೆ ಆಡಿದ್ದನ್ನು ಇಲ್ಲವೆಂದರೆ ಆ ಹೋಟೆಲಿನ ಮುಂದೆ ನಾನು ತಲೆಯೆತ್ತಿ ನಡೆಯಲಾರೆ.

ಈ ಸಂಕಟದ ಮೇಲೆ ಹಲ್ಲುನೋವು. ಉಪ್ಪು, ಲವಂಗ ಎಲ್ಲ ಮುಗಿಸಿ, ಹುಣಸೂರು ಸಂತೆಯಲ್ಲಿ ಕೂರುವ ಪಂಡಿತ ಗುರುಮಲ್ಲಪ್ಪನವರ ಮುಂದೆ ಬಾಯಿ ತೆರೆದೆ. ಅವರು ಒಳಗೆ ನೋಡಿದ್ದು ಅರೆಗಳಿಗೆ, ನನ್ನ ಮಾತು ಕೇಳಿದ್ದು ಅರ್ಧ ಗಂಟೆ. "ನಿಮ್ ಬಾಯ್ಗೆ ಬ್ಯಾರೆ ರೋಗ ಇಲ್ಲ. ಅದಕ್ಕೆ ರಜಾ ಇಲ್ಲ, ಅಷ್ಟೆಯ" ಎಂದರು. ಬೆಳಗ್ಗೆ ಏನೂ ತಿನ್ನದೆ ಒಂದು ಒಳಲೆ ಒಳ್ಳೆಣ್ಣೆಯನ್ನು ಬಾಯಿಗೆ ಬಿಟ್ಟುಕೊಂಡು, ಅದು ನೀರಾಗಿ ಬೆಳ್ಳಗಾಗುವ ತನಕ ಮೆಲ್ಲಗೆ ಮುಕ್ಕಳಿಸಿ ಉಗಿಯಬೇಕು. ನುಂಗಬಾರದು, ಮಾತಾಡಬಾರದು. ಒಸಡು ಗಟ್ಟಿಯಾಗುತ್ತದೆ, ಮನಸ್ಸು ತಣ್ಣಗಾಗುತ್ತದೆ ಎಂದು ಹೇಳಿ ಕಳಿಸಿದರು.

ಮನೆಯಲ್ಲಿ ಇದ್ದದ್ದು ಹುಚ್ಚೆಳ್ಳಿನ ಎಣ್ಣೆ. "ಅದೇ ಸಾಕು ಬುಡಿ, ನಿಮ್ಗೆ ಅದ್ರ ಎಸ್ರೂ ಒಪ್ತದೆ" ಎಂದಳು ನಿನ್ನ ಅತ್ತೆ ನೀಲಾಂಬಿಕೆ. ಆ ಮಾತಿನ ರೋಷಕ್ಕೇ ಗಾಣದ ಮನೆಗೆ ನಡೆದುಹೋಗಿ ಒಳ್ಳೆಳ್ಳಿನ ಎಣ್ಣೆ ತಂದೆ. ಕೂಸಾಗಿದ್ದಾಗ ನಿನಗೆ ಹಾಲು ಹಾಕುತ್ತಿದ್ದ ಒಳಲೆಯಲ್ಲೇ ಅಳೆದುಕೊಂಡು ಜಗಲಿಯ ಮೇಲೆ ಕೂತೆ.

ಮೊದಲ ದಿನ ಕೆಮ್ಮು ಬಂದು ಅರ್ಧ ಮೂಗಿಗೆ ಏರಿತು. ಎರಡನೆಯ ದಿನ ದಾರಿಯಲ್ಲಿ ಹೋಗುತ್ತಿದ್ದ ಕರಿಯಯ್ಯ "ಎಂಗಿದ್ದೀಯಣ್ಣೋ?" ಎಂದ. ಉತ್ತರ ಕೊಡದೆ ಇರುವುದು ನನ್ನಿಂದ ಆದೀತೆ? ಅಂಗಿಯೆಲ್ಲ ಎಣ್ಣೆ. ಮೂರನೆಯ ದಿನಕ್ಕೆ ಪಳಗಿದೆ. ಈಗ ಈ ಊರಿನಲ್ಲಿ ನನ್ನಷ್ಟು ಹೊತ್ತು ಎಣ್ಣೆ ಹಿಡಿಯುವವನು ಇನ್ನೊಬ್ಬನಿಲ್ಲ. ಬೇರೆ ಯಾರೂ ಹಿಡಿಯುವುದೂ ಇಲ್ಲ, ಇರಲಿ.

ಹಲ್ಲಿನ ಮಾತು ಬಿಡಮ್ಮಿ. ನಾನು ಕಂಡುಕೊಂಡದ್ದು ಬೇರೆ. ಮಾತಾಡದವನಿಗೆ ಕಿವಿಯೂ ಕೇಳಿಸುವುದಿಲ್ಲವೆಂದು ಮನೆಯವರು ತಿಳಿಯುತ್ತಾರೆ. ನಿನ್ನ ಅತ್ತೆ ಒಲೆಯ ಮುಂದೆ ಸಣ್ಣಗೆ ಹಾಡಿಕೊಳ್ಳುತ್ತಾಳೆಂದು ಮದುವೆಯಾಗಿ ಮೂವತ್ತು ವರ್ಷಕ್ಕೆ ನನಗೆ ತಿಳಿಯಿತು. ಐದನೆಯ ಬೆಳಗ್ಗೆ ನಿನ್ನ ಅವ್ವ ಹೊಸಿಲ ಬಳಿ ರಾಗಿ ಕೇರುತ್ತಾ ಅವಳಿಗೆ ಹೇಳುತ್ತಿದ್ದಳು: "ನನ್ನ ಯಾರ್ ಕೇಳಿದ್ರು ಅತ್ಗೆ? ಸ್ಲೇಟು ಕೈಲೇ ಇತ್ತು. ಅಣ್ಣ ವೀಳ್ಯ ಜಗುದ್ಬುಟ್ಟ. ಸ್ಲೇಟು ಗೂಡಲ್ಲಿ ಮಡಗ್ದೆ, ಅಷ್ಟೆಯ."

ಕೋಪದಿಂದ ಹೇಳಲಿಲ್ಲ. ನೆನ್ನೆ ಮೋಡ ಆಗಿತ್ತು ಅನ್ನುವ ಹಾಗೆ ಹೇಳಿ ಮೊರ ಕೊಡವಿದಳು. ನಮ್ಮಪ್ಪ ತೀರಿಕೊಂಡಿದ್ದರಿಂದ ಅವಳ ಮದುವೆಯ ಮಾತಿಗೆ ನಾನೇ ಯಜಮಾನ. ಆ ವೀಳ್ಯದ ವಿಚಾರ ನನಗೆ ನೆನಪಿದ್ದುದು, ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿತ್ತು ಎನ್ನುವುದೊಂದೇ. ಇಪ್ಪತ್ತೈದು ವರ್ಷ ಅದನ್ನೇ ತಮಾಷೆಯಾಗಿ ಹೇಳಿಕೊಂಡು ತಿರುಗಿದ್ದೇನೆ. ಅವಳ ಕೈಯಲ್ಲಿ ಸ್ಲೇಟು ಇತ್ತೆಂದು ನನಗೆ ನೆನಪಿಲ್ಲ. ಅವತ್ತು ಎಣ್ಣೆ ಯಾವಾಗ ಬೆಳ್ಳಗಾಯಿತೋ ನೋಡಲಿಲ್ಲ, ಬಿಸಿಲು ಜಗಲಿಗೆ ಬರುವ ತನಕ ಕೂತೇ ಇದ್ದೆ.

ಮೊನ್ನೆ ಸೋಮವಾರ ಬೆಳಗ್ಗೆ ಚಿಕ್ಕಬಸಪ್ಪನವರು ಗಾಡಿ ಕಟ್ಟಿಸಿಕೊಂಡು ವೀಳ್ಯದ ತಟ್ಟೆ ಸಮೇತ ಬಂದೇ ಬಿಟ್ಟರು. ನಾನು ಗಲ್ಲ ಉಬ್ಬಿಸಿಕೊಂಡು ಜಗಲಿಯ ಮೇಲಿದ್ದೆ. ಕೈಮುಗಿದು ಚಾಪೆ ತೋರಿಸಿದೆ. "ಏಳೂವರೆಗೆ ರಾಹುಕಾಲ ಕಣ್ರೀ, ಅಷ್ಟ್ರಲ್ಲಿ ಬಾಯ್ಗಾಕಳಿ" ಎಂದು ತಟ್ಟೆ ಮುಂದಿಟ್ಟರು. ನಾನು ಗಲ್ಲ ಮುಟ್ಟಿ ತೋರಿಸಿದೆ. "ಉಗುದ್ಬುಡಿ ಅತ್ಲಾಗೆ!" ಎಂದರು. ಬೆರಳು ಆಡಿಸಿ ಆಗುವುದಿಲ್ಲವೆಂದೆ.

ನಿನ್ನ ಅತ್ತೆ ಹೊರಗೆ ಬಂದಳು. "ಬೆಳ್ಳಗಾಗೋಗಂಟ ಉಗಿಯಂಗಿಲ್ಲ ಅಂತ ಪಂಡಿತ್ರ ಅಪ್ಪಣೆ. ಅಷ್ಟ್ರಲ್ಲಿ ನಂದೊಂದು ಮಾತು. ಉಡುಗಿ ಏಪ್ರಿಲ್ ಗಂಟ ಓದ್ಲಿ, ಆಮ್ಯಾಕೆ ಅವಳ್ನೇ ಕೇಳಾನ. ಕಾಯ್ತೀರಾ?"

"ಯಜಮಾನ್ರು ಕೂತಿರುವಾಗ ಎಂಗಸ್ರುದೇನು ಮಾತು?" ಎಂದು ಚಿಕ್ಕಬಸಪ್ಪನವರು ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿ ಮುಕ್ಕಳಿಸಿದೆ.

ಆಗ ನಿನ್ನ ಅವ್ವ ಬಂದಳಮ್ಮಿ. ಪರಗಂಡಸರ ಮುಂದೆ ಬಾಗಿಲ ಸಂದಿಯಿಂದ ಆಚೆಗೆ ಎಂದೂ ಬರದವಳು ಜಗಲಿಗೆ ಬಂದು ನಿಂತಳು. ತಟ್ಟೆಯ ಕಡೆ ಕೈ ತೋರಿಸಿ ಅಂದಳು: "ಮಗಳು ನಂದು. ಕಾಯಂಗಿದ್ರೆ ಕಾಯಿರಿ, ಇಲ್ದಿದ್ರೆ ತಟ್ಟೆ ಎತ್ಕಳಿ."

ಚಿಕ್ಕಬಸಪ್ಪನವರು ಗಡಿಯಾರ ತೆಗೆದು ನೋಡಿದರು. ಏಳೂವರೆ ದಾಟಿತ್ತು. "ಎಣ್ಣೆ ಕಚ್ಕಂಡು ಕೂತವ್ನ ಮಾತು ನಂಬ್ಕಂಡು ಬಂದ್ನಲ್ಲ ನಾನು!" ಎಂದು ತಟ್ಟೆ ಎತ್ತಿಕೊಂಡು ಗಾಡಿ ಹತ್ತಿದರು.

ಆದ್ದರಿಂದ ನೀನು ಓದು. ಷಣ್ಮುಖಪ್ಪ ಮಾತು ತಪ್ಪಿದನೆಂದು ಬಿಳಿಕೆರೆಯಲ್ಲಿ ಯಾರೂ ಅನ್ನುವ ಹಾಗಿಲ್ಲ. ನಾನು ಇಲ್ಲ ಎಂದೆನೆ? ತುಟಿಯನ್ನೇ ಬಿಚ್ಚಲಿಲ್ಲ. ಎಲ್ಲ ನಿನ್ನ ಅವ್ವ, ನಿನ್ನ ಅತ್ತೆ, ಪಂಡಿತರ ಎಣ್ಣೆ ಮಾಡಿದ್ದು. ನಾನು ಸುಮ್ಮನೆ ಕೂತಿದ್ದವನು.

ಪರೀಕ್ಷೆ ಚೆನ್ನಾಗಿ ಬರಿ.

ನಿನ್ನ ಮಾವ,
ಷಣ್ಮುಖಪ್ಪ

ತಾ.ಕ.: ಇದನ್ನು ಓದಿ ಈ ತುದಿಯನ್ನು ಹರಿದುಹಾಕು. ಗಾಡಿ ತಿರುವಿನಲ್ಲಿ ಕಂಡ ಗಾಬರಿಗೇ ಎಣ್ಣೆಯಷ್ಟನ್ನೂ ನುಂಗಿಬಿಟ್ಟಿದ್ದೆ. ಅವರು ಕೂತಿದ್ದಷ್ಟು ಹೊತ್ತೂ ನನ್ನ ಬಾಯಲ್ಲಿ ಇದ್ದದ್ದು ಬರೀ ಗಾಳಿ. ನಿನ್ನ ಅವ್ವನಿಗೆ ಇದು ತಿಳಿಯಬಾರದು, ನಾನು ಮಾತಾಡಲಾರದೆ ಕೂತಿದ್ದೆನೆಂದೇ ಅವಳು ಹೊರಗೆ ಬಂದದ್ದು. ಆದರೆ ನಿನಗಾದರೂ ಹೇಳದೆ ಹೇಗಿರಲಿ? ಎಣ್ಣೆಯನ್ನು ಯಾರು ಬೇಕಾದರೂ ಹಿಡಿದಾರು. ಗಾಳಿಯನ್ನು ಅಷ್ಟು ಹೊತ್ತು ಹಿಡಿದು ತೋರಿಸಲಿ, ನೋಡೋಣ.