ಜ್ವರವೆಂದು ಬರೆದ ಸಾವುಗಳು

ಘತ್ತರಗಿ
ಚಿತ್ರಭಾನು ಸಂವತ್ಸರ, ಕಾರ್ತಿಕ ಶುದ್ಧ ಪಂಚಮಿ (೧೯೪೨)

ಚಿ. ಸೌ. ಕಸ್ತೂರಿಬಾಯಿಗೆ ಅಪ್ಪ ಅಣ್ಣಾರಾಯನ ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನು ಬರೆಯಬೇಕೋ ತಿಳಿಯದೆ ಎದ್ದುಬಿಡುತ್ತಿದ್ದೆ. ಸಿಟ್ಟಾಗಬೇಡ ತಾಯಿ. ಏಳು ತಿಂಗಳ ಬಸುರಿ ಜೇವರ್ಗಿಯಲ್ಲಿ ಹೇಗಿದ್ದೀಯೋ ಎಂಬ ಚಿಂತೆ ಬೇರೆ. ನಿನ್ನನ್ನು ಸಾಕಿದ ಸೋದರತ್ತೆ ಗೌರಾಬಾಯಿಯೇ ಈಗ ನಿನ್ನ ಗಂಡನ ತಾಯಿ ಎಂಬುದಷ್ಟೇ ಸಮಾಧಾನ.

ಇಲ್ಲಿಯ ಸುದ್ದಿ ಕೇಳು. ಊರಿನ ಪೊಲೀಸ್ ಪಾಟೀಲನಾಗಿ ಹುಟ್ಟು-ಸಾವು ಬರೆಯಲು ಹತ್ತಿ ನನಗೆ ಇಪ್ಪತ್ತೆರಡು ವರ್ಷ. ಹೋದ ತಿಂಗಳು ಕಲಬುರ್ಗಿಯ ದವಾಖಾನೆಯಿಂದ ಮುಮತಾಜ ಎಂಬ ಡಾಕ್ಟರಬಾಯಿ ಬಂದು ನನ್ನ ದಫ್ತರ ತಿರುವಿದರು. "ಪಾಟೀಲರ, ನಿಮ್ಮೂರಾಗ ಹರೇದ ಹೆಣ್ಮಕ್ಕಳನ್ನೇ ಹುಡುಕಿ ಜ್ವರ ಬರ್ತದೇನ್ರಿ?" ಎಂದು ಕೇಳಿದರು. ಚಾವಡಿಯಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಹೆರಿಗೆಯಾದ ನಲವತ್ತು ದಿನದೊಳಗೆ ಸತ್ತವರನ್ನು ಬೇರೆಯಾಗಿ ಬರೆಯಬೇಕು, ಹಳೆಯದನ್ನೂ ವಿಚಾರಿಸಿ ತಿದ್ದಬೇಕು ಎಂದರು. "ಯಾಕ ಸತ್ರು ಅಂತ ಗೊತ್ತಾಗದಿದ್ರ, ಮುಂದಿನಾಕಿನ್ನ ನಾ ಹ್ಯಾಂಗ ಉಳಿಸ್ಲಿರಿ?"

ಸೂಲಗಿತ್ತಿ ಹಣಮವ್ವನನ್ನು ಕರೆದುಕೊಂಡು ಮನೆಮನೆಗೆ ಹೋದೆ. ಅವಳಿಗೆ ಅಕ್ಷರ ಬಾರದು, ಆದರೆ ಯಾರು ಸತ್ತಾಗ ಹೊಲದಲ್ಲಿ ಯಾವ ಪೈರಿತ್ತು ಎಂಬುದೂ ನೆನಪಿದೆ. ಮಲ್ಕಪ್ಪನ ಸೊಸೆ ಮರೆಮ್ಮ ಹೋದ ಶ್ರಾವಣದಲ್ಲಿ ತೀರಿಕೊಂಡಿದ್ದಳು. ಮಲ್ಕಪ್ಪ ನನ್ನ ಕೈ ಹಿಡಿದುಕೊಂಡ. "ಗೌಡ್ರ, ಜ್ವರ ಅಂತನ ಇರ್ಲಿರಿ. ಬಾಣಂತಿ ಸತ್ತ ಮನಿಗಿ ಹೆಣ್ಣ ಯಾರು ಕೊಡ್ತಾರ? ಸಣ್ಣ ಮಗನ ಲಗ್ನ ಇನ್ನಾ ಆಗಬೇಕ್ರಿ."

ಬಾಣಂತಿಯಾಗಿ ಸತ್ತವಳು ಮನೆ ಬಿಟ್ಟು ಹೋಗುವುದಿಲ್ಲ, ಹೊಸ ಸೊಸೆಯನ್ನು ಕಾಡುತ್ತಾಳೆ ಎಂಬ ಹೆದರಿಕೆ ನಮ್ಮಲ್ಲಿ ಉಂಟಲ್ಲ. ಅದಕ್ಕೇ ಎಲ್ಲರೂ ಜ್ವರವೆಂದು ಬರೆಸುತ್ತಿದ್ದರು. ಉಪಕಾರವೆಂದುಕೊಂಡು ನಾನೂ ಬರೆಯುತ್ತಿದ್ದೆ.

ಹಣಮವ್ವ ಮಾತ್ರ ಸಿಡಿದಳು. "ಯಾವ ಜ್ವರರಿ ಅದು? ಮೂರು ತಾಸು ರಕ್ತ ನಿಲ್ಲಲಿಲ್ಲ. ನನ್ನ ಕೈಯಾಗ ತಣ್ಣಗಾದ್ಳು."

ಇಬ್ಬರ ನಡುವೆ ನಿಂತ ನನಗೆ ತಲೆ ಓಡಲಿಲ್ಲ. ತಿದ್ದಿದರೆ ಬದುಕಿದವರ ಮದುವೆ ಕೆಡುತ್ತದೆ, ಬಿಟ್ಟರೆ ಇನ್ನೊಬ್ಬಳು ಸಾಯುತ್ತಾಳೆ. ಮರುದಿನ ಮರೆಮ್ಮನ ಸಾಲನ್ನು ತಿದ್ದಿದೆ. ಮಲ್ಕಪ್ಪ ಈಗ ಎದುರಾದರೆ ಮುಖ ತಿರುಗಿಸುತ್ತಾನೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಇನ್ನೂ ತಿಳಿಯದು.

ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತೇನೆ ಎಂದು ಬರೆದಿದ್ದೀಯ. ಬರಬೇಡ. ನಿನ್ನನ್ನು ನೋಡುವ ಆಸೆ ನನಗಿಲ್ಲವೆಂದಲ್ಲ. ಕಲಬುರ್ಗಿಯ ದವಾಖಾನೆಗೆ ಹೋಗು, ನಾನೇ ಅಲ್ಲಿಗೆ ಬರುತ್ತೇನೆ. ಅತ್ತೆ ಪದ್ಧತಿ ಬಿಡಬಾರದು ಎಂದರೆ ಈ ಕಾಗದ ಓದಿ ಹೇಳು.

ನಮ್ಮೂರ ದೇವಿ ಭಾಗ್ಯವಂತಿ ತಾಯಿ ನಿನ್ನನ್ನೂ ಕೂಸನ್ನೂ ಕಾಯಲಿ.

ನಿನ್ನ ಅಪ್ಪ,
ಅಣ್ಣಾರಾಯ

ತಾ.ಕ.: ಹಣಮವ್ವ ಹನ್ನೊಂದು ಹೆಸರು ಹೇಳಿದಳು. ಹನ್ನೆರಡನೆಯದಕ್ಕೆ ನನ್ನ ಮುಖ ನೋಡಿ ಸುಮ್ಮನಾದಳು. ಕಸ್ತೂರಿ, ನಿನ್ನ ಅವ್ವ ನೀನು ಮೂರು ತಿಂಗಳ ಕೂಸಾಗಿದ್ದಾಗ ಜ್ವರದಿಂದ ಸತ್ತಳೆಂದು ಹೇಳಿದ್ದು ಸುಳ್ಳು. ನೀನು ಹುಟ್ಟಿದ ದಿನವೇ ಸಂಜೆಗೆ, ರಕ್ತ ನಿಲ್ಲದೆ ಹೋದಳು. 'ತಾಯಿನ್ನ ನುಂಗಿ ಬಂದಾಕಿ' ಎಂದು ನಿನ್ನನ್ನು ಯಾರೂ ಅನ್ನಬಾರದೆಂದು ತಿಂಗಳನ್ನೂ ರೋಗವನ್ನೂ ಸುಳ್ಳು ಬರೆದು, ನಿನ್ನನ್ನು ಜೇವರ್ಗಿಗೆ ಕಳಿಸಿದೆ. ಅತ್ತೆಗೆ ಎಲ್ಲ ಗೊತ್ತು, ಅವಳನ್ನು ಬೈಯಬೇಡ. ನಿನ್ನದೇನೂ ತಪ್ಪಿರಲಿಲ್ಲ. ಅವ್ವನಿಗೆ ಹೀಗಾಗಿತ್ತೆಂದು ದವಾಖಾನೆಯಲ್ಲಿ ಮರೆಯದೆ ಹೇಳು. ಮಲ್ಕಪ್ಪನ ಮನೆಯದನ್ನು ತಿದ್ದಿದ ಕೈ ನಮ್ಮ ಮನೆಯದನ್ನು ಇನ್ನೂ ತಿದ್ದಿಲ್ಲ. ನೀನು ಹೂಂ ಎಂದರೆ ತಿದ್ದುತ್ತೇನೆ.