ವಾಸನೆ ಬರದ ನೆಲ

ಮೇಲ್ವಿಚಾರಕಿ ಮೇಡಂ ಅವರಿಗೆ ನಮಸ್ಕಾರ.

"ಮಕ್ಕಳ ಕೋಣೆಯಲ್ಲಿ ನೆಲ ಒರೆಸಿದ ವಾಸನೆಯೇ ಇಲ್ಲ, ಕಾರಣ ಬರೆದುಕೊಡಿ" ಎಂದು ಚೀಟಿ ಕಳಿಸಿದ್ದೀರಿ. ದಿನಕ್ಕೆ ಎರಡು ಸಲ ಒರೆಸುತ್ತಿದ್ದೇನೆ. ಫಿನಾಯಿಲ್ ಮಾತ್ರ ಹಾಕುತ್ತಿಲ್ಲ.

ಫಿನಾಯಿಲ್ ಬಿದ್ದ ನೀರು ಬೆಳ್ಳಗಾಗುತ್ತದೆ. ಹೋದ ಸೋಮವಾರ ಗುಂಡುಕೆನ್ನೆಯ ಪುಟ್ಟಿ ಆ ಬಕೆಟ್ಟಿಗೆ ತನ್ನ ಲೋಟ ಅದ್ದಿ, "ಆಯಾ, ಹಾಲು" ಅಂದಳು. ಬಾಯಿಗಿಡುವಷ್ಟರಲ್ಲಿ ಕಿತ್ತುಕೊಂಡೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಎರಡು ವರ್ಷದ ಮಗುವಿಗೆ ಗೊತ್ತಿರುವುದಿಲ್ಲ, ಮೇಡಂ.

ಅಂದೇ ಫಿನಾಯಿಲ್ ಕ್ಯಾನುಗಳನ್ನು ಕಪಾಟಿಗೆ ಹಾಕಿ ಬೀಗ ಜಡಿದೆ. ಈಗ ನೆಲಕ್ಕೆ ಬಿಸಿನೀರು, ಚೂರು ಸಾಬೂನು. ಕಿಟಕಿ ಗಾಜಿಗೆ ವಿನೆಗರ್, ಸಿಂಕಿಗೆ ಅಡುಗೆ ಸೋಡಾ. ಅವನ್ನೂ ಮಕ್ಕಳ ಕೈಗೆಟುಕದಂತೆ ಮೇಲೆಯೇ ಇಟ್ಟಿದ್ದೇನೆ. ಉಜ್ಜುವ ಕೆಲಸ ಹೆಚ್ಚಾಗಿದೆ, ಹೊಸ ಬ್ರಷ್ ಎರಡು ಕಳಿಸಿ.

ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ. ಅದಕ್ಕೆ ಮೊದಲು ಒಮ್ಮೆ ಬಂದು ನೆಲ ಮುಟ್ಟಿ ನೋಡಿ. ನೀವು ಬಾಗಿಲಲ್ಲೇ ನಿಂತು ಮೂಗಿನಿಂದ ಪರೀಕ್ಷೆ ಮಾಡುತ್ತೀರಿ. ಅಂಬೆಗಾಲಿನವರು ನಾಲಿಗೆಯಿಂದ ಮಾಡುತ್ತಾರೆ. ನಾನು ಒರೆಸುವುದು ಅವರಿಗಾಗಿ.

ಇಂತಿ,
ಕಪಾಟಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುವ
ಆಯಾ